ಕಲಬುರಗಿಯಲ್ಲಿ ಸ್ಟೇಕ್ ಕೇಳಿದವರಿಗೆ: ಕಿಸೆಗೆ ಭಾರವಾಗದ ಖಂಡದ ಊಟ ಹುಡುಕುವ ಬಗೆ

ನಮ್ಮ ಅಣ್ಣನ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಊರಿಗೆ ಬಂದವನು ಬ್ಯಾಗ್ ಕೆಳಗಿಡುವ ಮೊದಲೇ, "ಕಾಕಾ, ಕಲಬುರ್ಗ್ಯಾಗ ಚಲೋ ಸ್ಟೇಕ್ ಎಲ್ಲಿ ಸಿಗ್ತದ?" ಅಂದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಕಾಕಾನ ಮರ್ಯಾದೆ ಬಿಡಬೇಕಲ್ಲ. ಊರಿನ ಒಂದು ಹೊಸ ಹೋಟೆಲ್‌ಗೆ ಕರೆದುಕೊಂಡು ಹೋದೆ.

ಮೆನು ಕಾರ್ಡ್ ಹನ್ನೆರಡು ಪುಟ ಇತ್ತು. ಅದರಲ್ಲಿ ‘ಮಟನ್ ಸ್ಟೇಕ್ ಸಿಜ್ಲರ್’ ಅಂತ ಇತ್ತು. ಹೇಳಿದೆವು. ಕಬ್ಬಿಣದ ತಟ್ಟೆ ಚುಂಯ್ ಅನ್ನುತ್ತ ಬಂತು. ಹೊಗೆಗೆ ಪಕ್ಕದ ಟೇಬಲ್‌ನ ಅಜ್ಜ ಕೆಮ್ಮಿದರು. ಕೆಳಗೆ ಎಲೆಕೋಸಿನ ಎಲೆ, ಮೇಲೆ ಕಂದು ಬಣ್ಣದ ಸಿಹಿ ಸಾಸ್, ನಡುವೆ ಚಪ್ಪಲಿಯ ಅಟ್ಟೆಯಂಥ ಒಂದು ತುಂಡು. ಹುಡುಗ ಚಾಕು ಹಿಡಿದು ಗರಗಸ ಎಳೆದ ಹಾಗೆ ಎಳೆದ. ಕೊನೆಗೆ ತಟ್ಟೆಯನ್ನೇ ನನ್ನ ಕಡೆ ಸರಿಸಿ, "ನಿನ್ನ ಹಲ್ಲು ಗಟ್ಟಿ ಅವ ಕಾಕಾ, ನೀನೇ ತಿನ್ನು" ಅಂದ. ಬಿಲ್ ನಾನು ಕೊಟ್ಟೆ.

ಮರುದಿನ ಸಂಜೆ ಅವನನ್ನು ಬೇರೆ ಕಡೆ ಕರೆದುಕೊಂಡು ಹೋದೆ. ಆರು ಟೇಬಲ್, ಪ್ಲಾಸ್ಟಿಕ್ ಕುರ್ಚಿ, ಮೆನು ಕಾರ್ಡ್ ಇಲ್ಲ. ಅಲ್ಲಿ ತಿಂದ ಚಾಪ್ ಫ್ರೈ, ಅಂದರೆ ಹುರಿದ ಕುರಿ ಪಕ್ಕೆಲುಬು, ನೆನೆಸಿಕೊಂಡು ಅವನು ಈಗಲೂ ಫೋನ್ ಮಾಡುತ್ತಾನೆ. ಆ ಎರಡು ರಾತ್ರಿಗಳ ನಡುವೆ ಇರುವ ವ್ಯತ್ಯಾಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಹೋಟೆಲ್‌ಗಳ ಹೆಸರು ಹೇಳುವುದಿಲ್ಲ. ಅಡುಗೆಯವನು ಬದಲಾದರೆ ಹೋಟೆಲ್ ಬದಲಾದ ಹಾಗೇ. ನೋಡುವ ಕಣ್ಣು ಇದ್ದರೆ ಬೀದರ್‌ನಲ್ಲೂ ಯಾದಗಿರಿಯಲ್ಲೂ ಇದೇ ಉಪಾಯ ನಡೆಯುತ್ತದೆ.

ಹೆಜ್ಜೆ 1: ಸ್ಟೇಕ್ ಯಾಕೆ ಇಲ್ಲಿ ಕೂಡಿ ಬರುವುದಿಲ್ಲ, ಅದನ್ನು ತಿಳಿದುಕೊಳ್ಳಿ

ಸ್ಟೇಕ್ ಅಂದರೆ ದನದ ಬೆನ್ನಿನ ಕಡೆಯ ದಪ್ಪ ಹೋಳು. ಅಲ್ಲಿನ ಸ್ನಾಯು ಕಾಲು, ಹೆಗಲಿನಷ್ಟು ದುಡಿಯುವುದಿಲ್ಲ, ಅದಕ್ಕೆ ಮೆತ್ತಗಿರುತ್ತದೆ. ಕಡಿದ ಮೇಲೆ ಅದನ್ನು ಎರಡು ಮೂರು ವಾರ ಥಂಡಿ ಕೋಣೆಯಲ್ಲಿ ಇಡುತ್ತಾರೆ. ಆ ಹೊತ್ತಿನಲ್ಲಿ ಮಾಂಸದೊಳಗಿನ ಕಿಣ್ವಗಳೇ ಎಳೆಗಳನ್ನು ಸಡಿಲ ಮಾಡುತ್ತವೆ. ಆಮೇಲೆ ಜೋರು ಬೆಂಕಿಯಲ್ಲಿ ಕೆಲವೇ ನಿಮಿಷ. ಹೊರಗೆ ಗರಿಗರಿ, ಒಳಗೆ ಸುಮಾರು 55 ಡಿಗ್ರಿ, ಇನ್ನೂ ಕೆಂಪು.

ನಮ್ಮಲ್ಲಿ ಲೆಕ್ಕವೇ ಬೇರೆ. ನಸುಕಿನಲ್ಲಿ ಕಡಿದ ಕುರಿ ಮಧ್ಯಾಹ್ನಕ್ಕೆ ತಟ್ಟೆಯಲ್ಲಿ ಇರುತ್ತದೆ. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಅದನ್ನು ಸಡಿಲಿಸಲು ವಾರಗಟ್ಟಲೆ ಕಾಯುವ ರೂಢಿ ನಮಗಿಲ್ಲ. ನಾವು ಆ ಕೆಲಸವನ್ನು ನೀರು, ನಿಧಾನದ ಉರಿ, ಪಪ್ಪಾಯಿ ಕಾಯಿಯಿಂದ ಮಾಡಿಸಿಕೊಳ್ಳುತ್ತೇವೆ. ಸ್ಟೇಕ್ ಕಾದು ಮಾಗಿದ ಮಾಂಸ, ನಮ್ಮದು ಅಂದಂದಿನ ಮಾಂಸ. ಅಂದಂದಿನ ಮಾಂಸವನ್ನು ಸ್ಟೇಕ್‌ನಂತೆ ದಪ್ಪಗೆ ಕೊಯ್ದು ಐದು ನಿಮಿಷ ಹುರಿದರೆ ಅಟ್ಟೆಯೇ ಆಗುವುದು.

ಇನ್ನೊಂದು ಮಾತು. 2021ರಲ್ಲಿ ಜಾರಿಯಾದ ರಾಜ್ಯದ ಕಾನೂನಿನಂತೆ ಹಸು, ಕರು, ಎತ್ತು, ಹೋರಿ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹದಿಮೂರು ವರ್ಷ ದುಡಿದ ಕೋಣದಿಂದ ಮೆತ್ತನೆಯ ಸ್ಟೇಕ್ ಹೇಗೆ ಬಂದೀತು, ನೀವೇ ಹೇಳಿ. ಕುರಿಯಲ್ಲಿ ಹುಡುಕಿದರೆ, ಬೆನ್ನಿನ ಆ ಮೆತ್ತನೆ ಪಟ್ಟಿ ಬಹಳ ಸಣ್ಣದು.

ಹಾಗಾದರೆ ಸ್ಟೇಕ್ ಕೇಳುವವನಿಗೆ ನಿಜವಾಗಿ ಬೇಕಾಗಿರುವುದು ಏನು? ಗ್ರೇವಿಯಲ್ಲಿ ಮುಳುಗದ ಮಾಂಸ. ಹೊರಗೆ ಸುಟ್ಟ ಪರಿಮಳ. ಕಚ್ಚಿದರೆ ಬಾಯಿ ತುಂಬುವ ತುಂಡು. ಮಸಾಲೆ ಕಡಿಮೆ, ಮಾಂಸದ ರುಚಿ ಜಾಸ್ತಿ. ಇದೆಲ್ಲ ನಮ್ಮೂರಲ್ಲಿ ಇದೆ, ಹೆಸರು ಮಾತ್ರ ಬೇರೆ.

ಹೆಜ್ಜೆ 2: ಮನೆ ಬಿಡುವ ಮೊದಲು ಒಂದು ಲೆಕ್ಕ

ಅಂಗಡಿಯಲ್ಲಿ ಮಟನ್ ಕಿಲೋಗೆ 800 ರೂಪಾಯಿ ಅಂತ ಹಿಡಿಯಿರಿ. ಒಂದು ಪ್ಲೇಟಿಗೆ 150 ಗ್ರಾಂ ಹಸಿ ಮಾಂಸ ಹಾಕಿದರೂ ಅದರದ್ದೇ 120 ರೂಪಾಯಿ. ಅದರಲ್ಲೂ ಎಲುಬು ಸೇರಿದೆ. ಎಣ್ಣೆ, ಗ್ಯಾಸ್, ಬಾಡಿಗೆ, ಹುಡುಗರ ಪಗಾರ ಇನ್ನೂ ಬಂದಿಲ್ಲ. 200ರ ಆಚೀಚೆ ಒಂದು ಪ್ಲೇಟ್ ಕೊಡುವವನು ಲಾಭ ಕಡಿಮೆ ಇಟ್ಟುಕೊಂಡಿದ್ದಾನೆ ಅಂತ ತಿಳಿಯಿರಿ. ಬೋರ್ಡಿನಲ್ಲಿ 100 ರೂಪಾಯಿಗೆ ಮಟನ್ ಮಸಾಲಾ ಇದ್ದರೆ ಮೂರರಲ್ಲಿ ಒಂದು ನಡೆದಿದೆ. ತುಂಡು ಎರಡೇ ಇರುತ್ತವೆ, ಇಲ್ಲ ಬರೀ ಎಲುಬು, ಇಲ್ಲ ಅದು ಕುರಿಯೇ ಅಲ್ಲ.

ಆ ಮೂರನೆಯದಕ್ಕೆ ಊರಿನಲ್ಲಿ ಸರಳ ಮಾತಿದೆ. "ಛೋಟೇ ಕಾ ಕ್ಯಾ, ಬಡೇ ಕಾ?" ಅಂತ ಕೇಳಿ. ಛೋಟೇ ಕಾ ಅಂದರೆ ಕುರಿ, ಆಡು. ಬಡೇ ಕಾ ಅಂದರೆ ಎಮ್ಮೆ, ಕೋಣ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನೇರ ಹೇಳುತ್ತಾರೆ. ತಿನ್ನದವರು ಕೇಳಿಯೇ ಕೂರಬೇಕು. ತಿನ್ನುವವರಿಗೆ ಬಡೇ ಕಾ ಸೀಖ್ ಕಬಾಬ್ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸುತ್ತದೆ. ಖೀಮಾ ಮಾಡಿರುವುದರಿಂದ ವಯಸ್ಸಾದ ಮಾಂಸವೂ ಅಲ್ಲಿ ಹಲ್ಲಿಗೆ ತೊಂದರೆ ಕೊಡಲ್ಲ.

ಹೆಜ್ಜೆ 3: ದಿನ ಮತ್ತು ಹೊತ್ತು

ನನ್ನ ಮಟ್ಟಿಗೆ ಇದೇ ದೊಡ್ಡ ಹೆಜ್ಜೆ. ಜನ ಯಾವ ಹೋಟೆಲ್ ಅಂತ ಕೇಳುತ್ತಾರೆ, ಎಷ್ಟು ಹೊತ್ತಿಗೆ ಅಂತ ಕೇಳುವುದಿಲ್ಲ. ಅಂದಂದಿನ ಮಾಂಸದ ಊರಿನಲ್ಲಿ ಹೊತ್ತೇ ರುಚಿ.

ರವಿವಾರ ಊರಿಗೆ ಊರೇ ಖಂಡ ತಿನ್ನುತ್ತದೆ. ಅಂದು ಯಾವ ಹೋಟೆಲ್‌ನಲ್ಲೂ ಹಳೆಯದು ಉಳಿಯುವುದಿಲ್ಲ. ಬುಧವಾರ, ಶುಕ್ರವಾರವೂ ಚಲೋ. ಸೋಮವಾರ ಮಾತ್ರ ನಾನು ಹೋಗುವುದಿಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಸೋಮವಾರ ಖಂಡ ಮುಟ್ಟುವುದಿಲ್ಲ, ಶರಣಬಸವೇಶ್ವರ ಗುಡಿಗೆ ಹೋಗುವ ದಿನ ಅದು. ಗಿರಾಕಿ ಕಡಿಮೆ, ಹಾಗಾಗಿ ರವಿವಾರದ್ದೇ ಬಿಸಿಯಾಗಿ ಬರುವ ಭಯ ಇರುತ್ತದೆ. ಶ್ರಾವಣದಲ್ಲಿ ತಿಂಗಳಿಡೀ ಇದೇ ಕಥೆ. ಗಾಂಧಿ ಜಯಂತಿ, ಮಹಾವೀರ ಜಯಂತಿಗೆ ಮಟನ್ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅಂದು ರಾತ್ರಿ ‘ತಾಜಾ ಮಟನ್’ ಅಂದರೆ ನಕ್ಕು ಮುಂದೆ ಹೋಗಿ. ರಂಜಾನ್ ತಿಂಗಳು ಇದಕ್ಕೆ ಪೂರ್ತಿ ಉಲ್ಟಾ. ಸಂಜೆ ಉಪವಾಸ ಬಿಟ್ಟ ಮೇಲೆ ದರ್ಗಾದ ಕಡೆ, ಮುಸ್ಲಿಂ ಚೌಕ್ ಕಡೆ ಹೋಗಿ ನೋಡಿ. ಗೋಧಿ, ಮಾಂಸ ಕೂಡಿಸಿ ಅರೆದು ಬೇಯಿಸಿದ ಹಲೀಮ್ ಪಾತ್ರೆ ಕಣ್ಣೆದುರೇ ಖಾಲಿಯಾಗುತ್ತದೆ.

ಹೊತ್ತು ಅಂದರೆ ಸಂಜೆ ಏಳೂವರೆಯಿಂದ ಎಂಟೂವರೆ. ಚಲೋ ನಡೆಯುವ ಹೋಟೆಲ್‌ಗಳು ದಿನಕ್ಕೆ ಎರಡು ಪಾತ್ರೆ ಏರಿಸುತ್ತವೆ, ಬೆಳಗ್ಗೆ ಒಂದು, ಸಂಜೆ ಒಂದು. ಸಂಜೆಯದು ಏಳರ ಹೊತ್ತಿಗೆ ಇಳಿದಿರುತ್ತದೆ. ಹತ್ತು ಗಂಟೆಗೆ ಹೋದರೆ ತಳದ ಚೂರು, ಒಡೆದ ಎಲುಬು, ದಪ್ಪಗಾದ ಗ್ರೇವಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ಮಧ್ಯಾಹ್ನ ಮಾಡಿ ಹಾಗೇ ಇಟ್ಟದ್ದನ್ನು ರಾತ್ರಿ ತಿನ್ನಬೇಡಿ. ಉರಿಯ ಮೇಲೆ ಹೊಗೆಯಾಡುತ್ತ ಇದ್ದರೆ ಸರಿ, ಮುಚ್ಚಳ ಹಾಕಿ ಮೂಲೆಗೆ ಇಟ್ಟಿದ್ದರೆ ಬೇಡ.

ಹೆಜ್ಜೆ 4: ಯಾವ ಕಡೆ ಹೋಗಬೇಕು

ರೇಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಎದುರಿನ ಹೋಟೆಲ್‌ಗಳು ಒಂದೇ ಸಲ ಬಂದು ಹೋಗುವ ಗಿರಾಕಿಗಳ ಮೇಲೆ ನಡೆಯುತ್ತವೆ. ಎಲ್ಲವೂ ಕೆಟ್ಟವು ಅಂತಲ್ಲ, ಆದರೆ ನೀವು ನಾಳೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಅಲ್ಲಿಂದ ಎರಡು ಗಲ್ಲಿ ಒಳಗೆ ನಡೆಯಿರಿ. ಸುತ್ತಲಿನ ಅಂಗಡಿಯವರು, ಗ್ಯಾರೇಜ್ ಹುಡುಗರು, ಆಟೋದವರು ದಿನಾ ತಿನ್ನುವ ಜಾಗ ಹುಡುಕಿ. ಬಂದೇನವಾಜ್ ದರ್ಗಾದ ಸುತ್ತಲಿನ ಗಲ್ಲಿಗಳಲ್ಲಿ ತಹಾರಿ (ಖಂಡದ ಅನ್ನ), ಪಾಯಾ (ಕಾಲಿನ ಸಾರು), ಕಬಾಬ್. ಜೋಳದ ರೊಟ್ಟಿ ಜೊತೆ ಖಾರದ ಖಂಡ ಬೇಕಾದರೆ ಸಾವಜಿ ಬೋರ್ಡ್ ನೋಡಿ. ರಿಂಗ್ ರೋಡಿನ ಧಾಬಾಗಳಲ್ಲಿ ಕೂರಲು ಜಾಗ ದೊಡ್ಡದು, ಕುಟುಂಬಕ್ಕೆ ಅನುಕೂಲ. ಆದರೆ ಅಲ್ಲಿ ಒಂದೇ ಕೆಂಪು ಗ್ರೇವಿಗೆ ಹತ್ತು ಹೆಸರು ಇಟ್ಟಿರುತ್ತಾರೆ. ಧಾಬಾಕ್ಕೆ ಹೋದರೆ ಹುರಿದದ್ದು, ಸುಟ್ಟದ್ದು ಮಾತ್ರ ಹೇಳಿ.

ಹೆಜ್ಜೆ 5: ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ

ಮೊದಲು ಮೂಗು. ಹುರಿದ ಉಳ್ಳಾಗಡ್ಡಿ, ಮಸಾಲೆ ವಾಸನೆ ಬಂದರೆ ಒಳಗೆ ಕಾಲಿಡಿ. ಹಳೆ ಎಣ್ಣೆಯ ಕಮಟು ವಾಸನೆ ಗಂಟಲಿಗೆ ಹಿಡಿದರೆ ಅಲ್ಲಿಂದಲೇ ತಿರುಗಿ.

ಆಮೇಲೆ ತೆಗೆದುಕೊಂಡು ಹೋಗುತ್ತಿರುವ ಎಂಜಲು ತಟ್ಟೆ ನೋಡಿ. ಇದನ್ನು ನನಗೆ ಕಲಿಸಿದ್ದು ನಮ್ಮಪ್ಪ. ಎಲುಬು ಬೆಳ್ಳಗೆ, ಒಂದು ಎಳೆ ಮಾಂಸವೂ ಅಂಟಿಕೊಳ್ಳದೆ ಬಿದ್ದಿದ್ದರೆ ಖಂಡ ಚಲೋ ಬೆಂದಿದೆ. ಅರ್ಧ ಕಚ್ಚಿ ಬಿಟ್ಟ ತುಂಡುಗಳು ಕಂಡರೆ ಬೇರೆ ಕಡೆ ನೋಡಿ. ಮೆನು ಕಾರ್ಡಿಗಿಂತ ಎಂಜಲು ತಟ್ಟೆ ಜಾಸ್ತಿ ಖರೆ ಹೇಳುತ್ತದೆ.

ಮೆನು ಸಣ್ಣದಿದ್ದಷ್ಟು ಒಳ್ಳೆಯದು. ಆರು ಟೇಬಲ್ ಹೋಟೆಲ್‌ನಲ್ಲಿ ಚೈನೀಸ್, ತಂದೂರಿ, ಸಿಜ್ಲರ್, ಪಿಜ್ಜಾ ಎಲ್ಲ ಇದ್ದರೆ ಅರ್ಧ ಫ್ರಿಜ್ಜಿನಿಂದ ಬರುತ್ತದೆ. ಮಾಲಕರ ಹಿಂದೆ ಗೋಡೆಯ ಮೇಲೆ 14 ಅಂಕಿಯ ಆಹಾರ ಪರವಾನಗಿ ನಂಬರ್ ಇದೆಯಾ ಅಂತ ಒಮ್ಮೆ ಕಣ್ಣು ಹಾಯಿಸಿ. ಕೈ ತೊಳೆಯುವ ಜಾಗವನ್ನೂ.

ಹೆಜ್ಜೆ 6: ಕೇಳುವ ಬಗೆ

"ತಾಜಾ ಅದ ಏನ್ರೀ?" ಅಂತ ಕೇಳಲೇಬೇಡಿ. ಜಗತ್ತಿನಲ್ಲಿ ಯಾವ ಹೋಟೆಲ್‌ನವನೂ ಇಲ್ಲ ಅಂದಿಲ್ಲ. ಹೀಗೆ ಕೇಳಿ:

"ತಮ್ಮಾ, ಯಾವುದಕ್ಕ ಹೊತ್ತು ಹಿಡಿತದ?"

ಹುಡುಗ ಸಾಮಾನ್ಯವಾಗಿ ನಿಜ ಹೇಳುತ್ತಾನೆ, ಯಾಕಂದರೆ ಗಿರಾಕಿ ತಡವಾಯಿತು ಅಂತ ಬೈಯುವುದು ಅವನನ್ನೇ. "ಮಸಾಲಾ ಈಗ ಕೊಡ್ತೀನ್ರೀ, ಚಾಪ್ ಫ್ರೈಕ್ಕ ಇಪ್ಪತ್ತ್ ಮಿನಿಟ್ ಆಗ್ತದ" ಅಂದನಾ, ನಿಮಗೆ ಬೇಕಾದದ್ದು ಆ ಇಪ್ಪತ್ತು ನಿಮಿಷದ್ದೇ. ಅದು ನಿಮಗಾಗಿ ಈಗ ತವೆ ಏರುತ್ತದೆ. ಎಲ್ಲವೂ ಐದೇ ನಿಮಿಷ ಅಂದರೆ ಎಲ್ಲವೂ ಆಗಲೇ ಆಗಿ ಕೂತಿವೆ.

ಎರಡನೇ ಪ್ರಶ್ನೆ, "ಮುಂದಿನ ಮಂದಿ ಏನ್ ತಿನ್ನಾಕತ್ಯಾರ?" ನಾಲ್ಕು ಟೇಬಲ್‌ನಲ್ಲಿ ಒಂದೇ ಪದಾರ್ಥ ಇದ್ದರೆ ಆ ಮನೆಯ ಕೈ ಅದರಲ್ಲೇ ಪಳಗಿದೆ.

ಹೆಜ್ಜೆ 7: ಏನು ಹೇಳಬೇಕು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕುರಿಯ ಯಾವ ಭಾಗ ಯಾವುದಕ್ಕೆ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮಟನ್ ಅಂಗಡಿಯಲ್ಲಿ ಬಳಸುವ ಮಾತನ್ನೇ ಹೋಟೆಲ್‌ನಲ್ಲೂ ಬಳಸಿ. ದಸ್ತಿ ಅಂದರೆ ಮುಂಗಾಲು, ಹೆಗಲು. ರಾನ್ ಅಂದರೆ ಹಿಂದಿನ ತೊಡೆ. ಸೀನಾ ಎದೆ, ಕೊಬ್ಬು ಇರುವ ಭಾಗ. ಚಾಪ್ ಪಕ್ಕೆಲುಬು. ನಲ್ಲಿ ಅಂದರೆ ಮಜ್ಜೆ ಇರುವ ಎಲುಬು. ಹೊಸಬರು ರಾನ್ ಕೇಳುತ್ತಾರೆ, ಮಾಂಸ ಜಾಸ್ತಿ ಅಂತ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ಹುರಿದರೆ ಒಣಗುತ್ತದೆ. ಸಾರಿಗೆ ದಸ್ತಿ, ಸೀನಾ. ಹುರಿಯಲು ಚಾಪ್.

ಸ್ಟೇಕ್ ಆಸೆಯವರಿಗೆ ನನ್ನ ಮೊದಲ ಮಾತು ಚಾಪ್ ಫ್ರೈ. ಪಕ್ಕೆಲುಬಿನ ಪಕ್ಕದ ಮಾಂಸ ದುಡಿದದ್ದು ಕಡಿಮೆ, ಅಂಚಿಗೆ ಕೊಬ್ಬಿನ ಪಟ್ಟಿ ಇರುತ್ತದೆ. ಚಲೋ ಅಡುಗೆಯವನು ಅದನ್ನು ಮೊದಲು ಶುಂಠಿ, ಬೆಳ್ಳುಳ್ಳಿ, ಅರಿಶಿನದಲ್ಲಿ ಬೇಯಿಸಿ ಇಟ್ಟಿರುತ್ತಾನೆ. ನೀವು ಹೇಳಿದ ಮೇಲೆ ಕಬ್ಬಿಣದ ತವೆಗೆ ಹಾಕಿ, ತನ್ನದೇ ಕೊಬ್ಬಿನಲ್ಲಿ ಹುರಿಯುತ್ತಾನೆ. ಆವತ್ತು ನಮ್ಮ ಹುಡುಗನಿಗೆ ಬಂದ ಚಾಪ್‌ನ ಅಂಚು ಕಪ್ಪಗೆ ಗರಿಗರಿಯಾಗಿತ್ತು. ಎಲುಬು ಹಿಡಿದು ಎಳೆದರೆ ಮಾಂಸ ಬಿಟ್ಟುಕೊಂಡು ಬಂತು. ಮೇಲೆ ಒಡೆದ ಮೆಣಸು, ಅರ್ಧ ಲಿಂಬೆ, ಹೆಚ್ಚಿದ ಹಸಿ ಉಳ್ಳಾಗಡ್ಡಿ, ಅಷ್ಟೇ. ನಾಲ್ಕು ತುಂಡು ಆದ ಮೇಲೆ ಅವನು ಬೆರಳು ನೆಕ್ಕುತ್ತ ನನ್ನ ತಟ್ಟೆ ನೋಡಿದ. ಹೇಳುವಾಗ ಒಂದು ಮಾತು ಸೇರಿಸಿ, "ಮಸಾಲಾ ಕಡಿಮಿ, ಸುಕ್ಕಾ ಇರ್ಲಿ." ಇಲ್ಲದಿದ್ದರೆ ಗ್ರೇವಿ ಸುರಿದು ತರುತ್ತಾರೆ.

ಎರಡನೆಯದು ಪತ್ಥರ್ ಕಾ ಗೋಷ್ತ್, ಸಿಕ್ಕರೆ. ಇದು ಹೈದರಾಬಾದಿನ ಅಡುಗೆ. 1948ರವರೆಗೆ ನಾವೂ ನಿಜಾಮರ ಸೀಮೆಯವರೇ ತಾನೆ, ಹಾಗಾಗಿ ನಾಲಗೆ ಒಂದೇ. ಎಲುಬಿಲ್ಲದ ಮಟನ್ ಅನ್ನು ತೆಳ್ಳಗೆ ಪಟ್ಟಿ ಮಾಡಿ, ಬಡಿದು, ಪಪ್ಪಾಯಿ ಕಾಯಿ, ಮೆಣಸು ಹಚ್ಚಿ ನೆನೆಸುತ್ತಾರೆ. ಕೆಂಡದ ಮೇಲೆ ಕಾಯಿಸಿದ ಗ್ರಾನೈಟ್ ಚಪ್ಪಡಿಯ ಮೇಲೆ ಸುಡುತ್ತಾರೆ. ಸ್ಟೇಕ್ ವಾರಗಟ್ಟಲೆ ಕಾದು ಪಡೆಯುವ ಮೆತ್ತಗೆತನವನ್ನು ಪಪ್ಪಾಯಿ ಕೆಲವೇ ಗಂಟೆಯಲ್ಲಿ ಕೊಡುತ್ತದೆ. ಪಪ್ಪಾಯಿ ಜಾಸ್ತಿಯಾದರೆ ಮಾಂಸ ಹಿಟ್ಟಿನಂತೆ ಆಗುತ್ತದೆ, ಅಂಥದ್ದನ್ನು ವಾಪಸ್ ಕಳಿಸಿ. ಅಂದಹಾಗೆ, ಇದನ್ನು ಮನೆಯಲ್ಲಿ ಮಾಡುತ್ತೇನೆ ಅಂತ ಅಂಗಳದ ಶಹಾಬಾದ್ ಫರಸಿ ಕಿತ್ತು ಒಲೆಗೆ ಇಡಬೇಡಿ. ಅದು ಪದರದ ಸುಣ್ಣದ ಕಲ್ಲು, ಬಿಸಿಗೆ ಸಿಡಿಯುತ್ತದೆ. ನಮ್ಮ ಓಣಿಯಲ್ಲಿ ಒಬ್ಬರು ಪ್ರಯತ್ನ ಮಾಡಿದ್ದರು. ಕಲ್ಲಿನ ಚೂರು ಅಡುಗೆಮನೆ ಕಿಟಕಿವರೆಗೆ ಹಾರಿತ್ತು.

ಎರಡೂ ಇಲ್ಲದಿದ್ದರೆ ಮಟನ್ ಸುಕ್ಕಾ, ಇಲ್ಲ ಕಲೇಜಿ (ಲಿವರ್) ಫ್ರೈ. ಕಲೇಜಿ ಆರ್ಡರ್ ಕೊಟ್ಟ ಮೇಲೆಯೇ ಹುರಿಯಬೇಕು, ಮೊದಲೇ ಹುರಿದಿಟ್ಟರೆ ರಬ್ಬರ್. ಹಾಗಾಗಿ ಅದು ಅಡುಗೆಯವನಿಗೆ ಪರೀಕ್ಷೆ ಇದ್ದ ಹಾಗೆ.

ಜೊತೆಗೆ ಅನ್ನ ಬೇಕಾದರೆ ತಹಾರಿ. ಬಿರಿಯಾನಿಯಲ್ಲಿ ಅನ್ನ ಬೇರೆ, ಖಂಡ ಬೇರೆ, ಆಮೇಲೆ ಪದರ ಹಾಕಿ ದಮ್ ಕೊಡುತ್ತಾರೆ. ತಹಾರಿಯಲ್ಲಿ ಖಂಡ ಬೇಯುತ್ತಿರುವ ಮಸಾಲೆ ನೀರಿಗೇ ಅಕ್ಕಿ ಸುರಿಯುತ್ತಾರೆ. ರಸ ಎಲ್ಲ ಅನ್ನಕ್ಕೆ ಹೋಗುತ್ತದೆ. ತಹಾರಿ ಹೆಚ್ಚಾಗಿ ಬೆಳಗ್ಗೆ, ಮಧ್ಯಾಹ್ನದ ಊಟ. ರಾತ್ರಿ ಸಿಕ್ಕರೆ ಯಾವಾಗ ಮಾಡಿದ್ದು ಅಂತ ವಿಚಾರಿಸಿ. ನಾನು ರಾತ್ರಿ ಜೋಳದ ರೊಟ್ಟಿ ಕಡೆಯವನು. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಿಸಿ ರೊಟ್ಟಿ ಹೇಳಿ. ಸದ್ದು ಇಲ್ಲದಿದ್ದರೆ ಖಡಕ್ ರೊಟ್ಟಿಯೇ ಮೇಲು, ಅದು ಹಳೆಯದಾದರೂ ಕೆಡುವುದಿಲ್ಲ. ಚಾಪ್‌ನ ಎಣ್ಣೆಗೆ ಖಡಕ್ ರೊಟ್ಟಿ ಮುರಿದು ಒರೆಸಿ ತಿಂದು ನೋಡಿ.

ಎಲ್ಲವನ್ನೂ ಒಂದೇ ಸಲ ಹೇಳಬೇಡಿ. ಮೊದಲು ಒಂದು ಹಾಫ್ ಪ್ಲೇಟ್, ಎರಡು ರೊಟ್ಟಿ. ಚಲೋ ಇದ್ದರೆ ಮತ್ತೆ ಹೇಳಿದರಾಯಿತು.

ಹೆಜ್ಜೆ 8: ಮೊದಲ ತುತ್ತು

ತುಂಡನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಒತ್ತಿ. ಎಳೆ ಎಳೆಯಾಗಿ ಬಿಡಿಸಿಕೊಂಡರೆ ನಿಧಾನ ಬೆಂದದ್ದು. ಹೊರಗೆ ಲೋಳೆ, ಒಳಗೆ ಗಟ್ಟಿ ಇದ್ದು ಬಾಯಿಗೆ ಸ್ವಲ್ಪ ಸಾಬೂನಿನ ರುಚಿ ಬಂದರೆ ಬೇಗ ಬೇಯಲಿ ಅಂತ ಸೋಡಾ ಹಾಕಿದ್ದಾರೆ. ಹುಳಿ ವಾಸನೆ ಇದ್ದರೆ ತಿನ್ನಲೇಬೇಡಿ, ದುಡ್ಡು ಹೋದರೆ ಹೋಗಲಿ. ವಾಪಸ್ ಕೊಡುವಾಗ ಕೂಗಾಡಬೇಡಿ. ಎದ್ದು ಗಲ್ಲೆ ಹತ್ತಿರ ಹೋಗಿ, "ಮಾಲಕ್ರೇ, ಇದೊಂದು ತುಣುಕು ನೀವೇ ನೋಡ್ರಿ" ಅಂತ ಮೆಲ್ಲಗೆ ಹೇಳಿ. ಬೇರೆ ಗಿರಾಕಿಗಳ ಮುಂದೆ ಮಾನ ಉಳಿಸಿದರೆ ಬಹಳ ಮಂದಿ ಬದಲು ಕೊಡುತ್ತಾರೆ.

ಬಿಲ್ ಬಂದಾಗ

ಜಿಎಸ್‌ಟಿ ಇದ್ದರೆ ಇಂಥ ಹೋಟೆಲ್‌ಗಳಲ್ಲಿ 5 ಪರ್ಸೆಂಟ್. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ಬೇಡ ಅಂದರೆ ತೆಗೆಯಬೇಕು. ಹುಡುಗನಿಗೆ ಕೈಯಲ್ಲೇ ಹತ್ತು ಇಪ್ಪತ್ತು ಕೊಡಿ, ಮುಂದಿನ ಸಲ ಸೀನಾ ತುಂಡು ನಿಮ್ಮ ತಟ್ಟೆಗೇ ಬರುತ್ತದೆ.

ಆವತ್ತು ಇಬ್ಬರೂ ಹೊಟ್ಟೆ ತುಂಬ ತಿಂದು ಕೊಟ್ಟದ್ದು, ಹಿಂದಿನ ರಾತ್ರಿ ಆ ಸಿಜ್ಲರ್‌ಗೆ ಕೊಟ್ಟದ್ದಕ್ಕಿಂತ ಕಡಿಮೆ.

ಕೊನೆಯ ಹೆಜ್ಜೆ: ಮೊದಲೇ ಹೇಳಿಡಿ

ಒಂದು ಕುರಿಗೆ ಚಾಪ್ ಎಷ್ಟು ಬಂದಾವು? ಚಲೋ ಹೋಟೆಲ್‌ನಲ್ಲಿ ಒಂಬತ್ತಕ್ಕೆಲ್ಲ ಮುಗಿದಿರುತ್ತದೆ. ಎರಡು ಮೂರು ಸಲ ಹೋಗಿ ಮುಖ ಪರಿಚಯ ಆದ ಮೇಲೆ ಮಾಲಕರ ನಂಬರ್ ಇಸಿದುಕೊಳ್ಳಿ. ಮಧ್ಯಾಹ್ನವೇ ಫೋನ್ ಮಾಡಿ, ಎಷ್ಟು ಮಂದಿ, ಎಷ್ಟು ಹೊತ್ತಿಗೆ ಅಂತ ಹೇಳಿ. ತೆಗೆದಿಡುತ್ತಾರೆ.

ನಮ್ಮ ಹುಡುಗ ಈಗ ಸ್ಟೇಕ್ ಮಾತು ಎತ್ತುವುದಿಲ್ಲ. ಪುಣೆಯಿಂದ ಬರುವಾಗ ರೈಲಿನಿಂದಲೇ ಫೋನ್ ಮಾಡುತ್ತಾನೆ, "ಸೊಲ್ಲಾಪುರ ಬಿಡ್ತು ಕಾಕಾ, ಚಾಪ್ ಹೇಳಿಡು."